ನೀರು ಉಪ್ಪಾಗುವ ಜಾಗ

ನಮ್ಮ ದೊಡ್ಡಪ್ಪನಷ್ಟು ನಡೆದವರು ಊರಲ್ಲಿ ಇನ್ನೊಬ್ಬರಿಲ್ಲ. ಆದರೂ ಅವರು ಎಲ್ಲಿಗೂ ಹೋದವರಲ್ಲ. ನದಿ ಹುಟ್ಟುವ ಬೆಟ್ಟದಿಂದ ಸಮುದ್ರದವರೆಗೆ ದಂಡೆಗುಂಟ ಒಂದು ಕಾಲುದಾರಿ ಇದೆ. ಎಲ್ಲೆಲ್ಲಿಂದಲೋ ಬಂದವರು ಬೆನ್ನಿಗೆ ಚೀಲ ಹೇರಿಕೊಂಡು ವಾರಗಟ್ಟಲೆ ನಡೆಯುತ್ತಾರೆ. ಅವರಿಗೆ ದಾರಿ ತಪ್ಪದಿರಲೆಂದು ಕಲ್ಲು, ಮರ, ಕಂಬಗಳ ಮೇಲೆ ಹಳದಿ ಬಾಣ ಬರೆಯುವುದು ದೊಡ್ಡಪ್ಪನ ಕೆಲಸ. ಹಳೇ ಗಿರಣಿಯಿಂದ ಕಬ್ಬಿಣದ ಸೇತುವೆವರೆಗೆ ಹದಿನಾಲ್ಕು ಕಿಲೋಮೀಟರು ಅವರ ಪಾಲು. ಆಚೆಯದು ಬೇರೆಯವರ ಬಣ್ಣ, ಬೇರೆಯವರ ಕುಂಚ.

ಮದುವೆಯಾದ ಎರಡನೇ ವರ್ಷವೇ ದೊಡ್ಡಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಬೆಳಗ್ಗೆ ಅವರಿಗೆ ಬೇಕಾದ್ದನ್ನೆಲ್ಲ ಕೈಗೆಟಕುವಂತೆ ಇಟ್ಟು ಹೊರಟರೆ, ನಡುಮಧ್ಯಾಹ್ನ ಎಲ್ಲೇ ಇರಲಿ, ದೊಡ್ಡಪ್ಪ ಕುಂಚ ತೊಳೆದು ಹಿಂದಿರುಗುತ್ತಿದ್ದರು. ಕತ್ತಲಾಗುವ ಮುಂಚೆ ಮನೆ. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಇದು ತಪ್ಪಲಿಲ್ಲ.

ಮಲಗಿದಲ್ಲೇ ಇದ್ದ ದೊಡ್ಡಮ್ಮನಿಗೆ ಒಂದೇ ಹುಚ್ಚು.

"ಇಷ್ಟು ಸಿಹಿನೀರು ಉಪ್ಪಾಗೋದು ಯಾವ ಜಾಗದಿಂದ ರೀ?"

ಅದಕ್ಕೇ ದೊಡ್ಡಪ್ಪ ದಾರಿಯಲ್ಲಿ ಸಿಕ್ಕವರಿಗೆಲ್ಲ ವಿಳಾಸ ಬರೆದ ಅಂಚೆ ಕಾರ್ಡು ಕೊಡುತ್ತಿದ್ದರು: ಕುಡಿದು ನೋಡಿ, ಬರೆದು ಹಾಕಿ. ಬಂದ ಕಾರ್ಡುಗಳನ್ನು ದೊಡ್ಡಮ್ಮನ ಎದುರಿನ ಗೋಡೆಗೆ ಅಂಟಿಸುತ್ತಿದ್ದರು. ಒಬ್ಬರು ದೀಪಸ್ತಂಭದ ಬಳಿ ಎಂದರೆ, ಇನ್ನೊಬ್ಬರು ಅದಕ್ಕಿಂತ ಎಷ್ಟೋ ಹಿಂದೆ ಎನ್ನುವರು. ಮತ್ತೊಬ್ಬ ಮಹಾನುಭಾವ, ಹೊಟ್ಟೆ ಕೆಟ್ಟಿತ್ತು, ಕುಡಿಯಲಿಲ್ಲ ಎಂದಷ್ಟೇ ಬರೆದಿದ್ದ.

"ಎಲ್ಲಾ ಬುರುಡೆ ಬಿಡ್ತಾರೆ. ನೀವೇ ಹೋಗಿ ನೋಡಿ, ಬಂದು ನಂಗೆ ಹೇಳಿ" ಎನ್ನುವರು ದೊಡ್ಡಮ್ಮ.

"ಹೋಗೋಣ ಬಿಡೇ. ಸಮುದ್ರ ಎಲ್ಲಿ ಓಡಿಹೋಗುತ್ತೆ?"

ಸಮುದ್ರ ಓಡಿಹೋಗಲಿಲ್ಲ, ದೊಡ್ಡಮ್ಮ ಹೋದರು.

ಎರಡು ತಿಂಗಳ ಮೇಲೆ ದೊಡ್ಡಪ್ಪ ಚೀಲ ಹೆಗಲಿಗೇರಿಸಿದರು. ನಾನು ಬುತ್ತಿ ಕಟ್ಟಿಕೊಟ್ಟು, ಅತ್ತು ಕಳಿಸಿದೆ. ಸಂಜೆ ನೋಡಿದರೆ ಅವರ ಅಡುಗೆಮನೆಯಲ್ಲಿ ದೀಪ!

"ಏನಾಯ್ತು ದೊಡ್ಡಪ್ಪ?"

"ಏನಿಲ್ಲಮ್ಮ. ಮಧ್ಯಾಹ್ನ ಆಯ್ತು, ಕಾಲು ತಿರುಗಿಬಿಡ್ತು."

ಮುಂದಿನ ವಾರವೂ ಅದೇ ಕಥೆ. ಮೂರನೇ ಸಲ ನನಗೆ ರೇಗಿಹೋಯಿತು.

"ಮನೇಲಿ ಯಾರಿದ್ದಾರೆ ಅಂತ ಓಡಿ ಬರ್ತೀರಿ?"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಗೋಡೆಯ ಕಾರ್ಡುಗಳನ್ನು ನೋಡುತ್ತಾ, "ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಕಣಮ್ಮ" ಎಂದರು.

ನಾಲ್ಕನೇ ಸಲ ಮನೆಗೆ ನಾನೇ ಬೀಗ ಜಡಿದೆ. ನನ್ನ ಹೊಲಿಗೆ ಅಂಗಡಿಗೆ ರಜೆ ಹಾಕಿದೆ.

"ಕೀಲಿಕೈ ನನ್ನ ಹತ್ರ ಇರುತ್ತೆ. ಸೇತುವೆ ಆಚೆ ಮೊದಲನೇ ಊರಲ್ಲಿ ಇರ್ತೀನಿ. ಮನೆ ಬೇಕಿದ್ರೆ ಅಲ್ಲಿಗೆ ಬನ್ನಿ."

ದೊಡ್ಡಪ್ಪ ಬಾಯಿಗೆ ಬಂದಂತೆ ಬೈದರು. ನಾನು ಕಿವಿಗೆ ಹಾಕಿಕೊಳ್ಳದೆ ಬಸ್ಸು ಹತ್ತಿದೆ.

ಸಂಜೆ ಕುಂಟುತ್ತಾ ಬಂದರು. "ಮಧ್ಯಾಹ್ನ ತಿರುಗಿದ್ದೆ. ಜೇಬು ಮುಟ್ಟಿ ನೋಡ್ಕೊಂಡೆ. ಮತ್ತೆ ಈ ಕಡೆ ತಿರುಗಿದೆ."

ಮಾರನೇ ದಿನ ಕೀಲಿಕೈ ಇನ್ನೊಂದು ಊರು ಮುಂದೆ ಹೋಯಿತು. ಹೀಗೆ ಹನ್ನೊಂದು ದಿನ, ನಾನು ಬಸ್ಸಲ್ಲಿ, ಅವರು ಕಾಲ್ನಡಿಗೆಯಲ್ಲಿ.

ಕೊನೆಯ ದಿನ ನಾನೂ ಜೊತೆಗೆ ನಡೆದೆ. ನೂರು ಹೆಜ್ಜೆಗೊಮ್ಮೆ ದಂಡೆಯಿಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವರು, ತಲೆಯಾಡಿಸುವರು, ಏಳುವರು. ಮಗುಚಿಟ್ಟ ಹಳೇ ದೋಣಿಯೊಂದರ ಪಕ್ಕ ಕೂತವರು ಬೇಗ ಏಳಲಿಲ್ಲ. ನೀರನ್ನು ಉಗುಳಲೂ ಇಲ್ಲ.

"ಇಲ್ಲಿಂದ" ಎಂದರು. "ದೋಣಿಯಿಂದ ಎರಡೇ ಹೆಜ್ಜೆ."

ಕಣ್ಣು ತುಂಬಿಬಂದಿತ್ತು. ನನಗೂ ದುಃಖ ತಡೆಯಲಾಗಲಿಲ್ಲ.

"ಅಗೋ, ಸಮುದ್ರ ಕಾಣ್ತಾ ಇದೆ. ಇನ್ನೊಂದು ಸ್ವಲ್ಪ ದೂರ, ಬನ್ನಿ ದೊಡ್ಡಪ್ಪ."

ಅವರು ಆ ಕಡೆ ನೋಡಲೇ ಇಲ್ಲ. ನೆತ್ತಿಯ ಮೇಲಿದ್ದ ಸೂರ್ಯನನ್ನು ನೋಡಿ, ಒದ್ದೆ ಕೈ ನನ್ನ ಮುಂದೆ ಚಾಚಿದರು.

"ಕೀಲಿಕೈ ಕೊಡಮ್ಮ. ಅವಳಿಗೆ ಹೇಳ್ಬೇಕು."