ದ್ವೀಪಕ್ಕೆ ಹೊರಟ ಹರಕೆ

ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿನ, ಆಂಟಿಯ ಮನೆಯ ಆ ಬೇಸ್‌ಮೆಂಟಿನಲ್ಲಿ ಶೂಗಳಿಗೆ ಸಿಗುತ್ತಿದ್ದ ಮರ್ಯಾದೆ ನನಗಂತೂ ಈ ದೇಶದಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಹೊಸ್ತಿಲಾಚೆ ಬಿಟ್ಟು ಬರಬೇಕಾದ ಶೂಗಳನ್ನು ನಾವು ಕೈಯಲ್ಲಿ ಹಿಡಿದು ಒಳಗೆ ತರಬೇಕು. ಹಾಸಿದ ನ್ಯೂಸ್‌ಪೇಪರಿನ ಮೇಲಿಟ್ಟು ಹಳೆಯ ಟೂತ್‌ಬ್ರಷ್ಷಿನಿಂದ ಅವುಗಳ ಅಡಿ ಉಜ್ಜಬೇಕು. ಹೃದಯ ಕೊಯ್ಯುವ ಡಾಕ್ಟರು, ಸಾಫ್ಟ್‌ವೇರ್ ಮ್ಯಾನೇಜರು, ಅವರವರ ಹೆಂಡತಿಯರು, ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕಾಲುಚೀಲಕ್ಕೆ ಅಂಟಿದ ಹುಲ್ಲಿನ ಬೀಜ ಆರಿಸುತ್ತಿದ್ದರು. ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ಆಂಟಿ ಓಡಾಡುತ್ತಿದ್ದರು.

ಆಂಟಿ ಹುಬ್ಬಳ್ಳಿಯ ಮುಸ್ಲಿಂ ಮನೆತನದವರು. ಊರಿಗೆ ಹೋಗುವವರಿಗೆ ಟಿಕೆಟ್ ಮಾಡಿಕೊಡುವ ಪುಟ್ಟ ಟ್ರಾವೆಲ್ ಆಫೀಸು ಅವರದು. ಎರಡು ಸಾವಿರದ ಇಸವಿ ದಾಟಿ ಜನರೆಲ್ಲ ಕಂಪ್ಯೂಟರಿನಲ್ಲಿ ತಾವೇ ಟಿಕೆಟ್ ಕೊಳ್ಳಲು ಕಲಿತ ಮೇಲೆ, ಅವರು ಕನ್ನಡದವರನ್ನು ಒಟ್ಟುಮಾಡಿ ಪ್ರವಾಸ ಕರೆದೊಯ್ಯಲು ಶುರುಮಾಡಿದರು. ವರ್ಷಕ್ಕೊಮ್ಮೆ ಹೋಗುತ್ತಿದ್ದದ್ದು ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶಕ್ಕೆ. ಅಲ್ಲಿ ದೊಡ್ಡ ದ್ವೀಪಗಳ ಜೊತೆಗೆ ಒಂದು ಪುಟ್ಟ ಹಕ್ಕಿ ದ್ವೀಪವಿದೆ. ಅದರಲ್ಲಿ ಇಲಿಯಿಲ್ಲ, ಬೆಕ್ಕಿಲ್ಲ. ಹಾಗಾಗಿ ಹಕ್ಕಿಗಳು ಭಯವಿಲ್ಲದೆ ನೆಲದ ಮೇಲೇ ಮೊಟ್ಟೆಯಿಡುತ್ತವೆ. ನಮ್ಮ ದೋಣಿ ದಡ ಮುಟ್ಟುವಂತಿಲ್ಲ, ಎಲ್ಲಿ ಇಲಿಯೊಂದು ಜಿಗಿದು ಇಳಿದೀತೋ ಎಂದು. ಅವರದೇ ದೋಣಿ ಬಂದು ನಮ್ಮನ್ನು ನೀರಿನ ನಡುವೆಯೇ ಹತ್ತಿಸಿಕೊಳ್ಳುತ್ತದೆ. ಇಷ್ಟೇ ಜನ ಎಂದು ಲೆಕ್ಕವಿದೆ, ರಾತ್ರಿ ಉಳಿಯುವಂತಿಲ್ಲ.

ನಮ್ಮವರಿಗೆ ಅರ್ಥವಾಗದ್ದು ಈ ಲೆಕ್ಕವೇ. ಆ ವರ್ಷ ಹಾಫ್‌ಮನ್ ಎಸ್ಟೇಟ್ಸಿನ, ನಮ್ಮದೇ ಬಡಾವಣೆಯ ಒಬ್ಬ ಅಂಕಲ್ ಬಂದು, "ನಮ್ಮ ಭಾವ, ಅಕ್ಕ ಇಬ್ರೇ ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದರು. ಮದುವೆ ಪಂಕ್ತಿಯಲ್ಲಿ ಇನ್ನೆರಡು ಎಲೆ ಹಾಕಿಸುವಷ್ಟು ಸಲೀಸಾಗಿ.

"ಮನಷ್ಯಾರು ಅಡ್ಜಸ್ಟ್ ಮಾಡ್ತಾರ್ರಿ. ಹಕ್ಕಿ ಎಲ್ಲಿ ಸರೀಬೇಕು? ಅದರ ಹಿಂದ ಸಮುದ್ರ ಐತಿ" ಎಂದರು ಆಂಟಿ.

ಅಂಕಲ್ ಮುಖ ಸಿಂಡರಿಸಿಕೊಂಡು ಹೋದರು. ಅವರ ಹಿಂದೆ ಇನ್ನೂ ಒಂದು ಸಂಸಾರ ಹೋಯಿತು. ಆಂಟಿ ಜಗ್ಗಲಿಲ್ಲ. "ಹಂಗಾದ್ರೆ ಯಾರೂ ಹೋಗದೆ ಇರೋದೇ ವಾಸಿ ಅಲ್ವಾ ಆಂಟಿ?" ಎಂದು ನಾನು ಕೆಣಕಿದೆ. ನನ್ನ ಬಾಯಿ ಸ್ವಲ್ಪ ಜೋರು.

"ಯಾರೂ ಹೋಗಲಿಲ್ಲ ಅಂದ್ರ ಅಲ್ಲಿ ಕಾಯೋ ಹುಡುಗೂರಿಗೆ ಪಗಾರ ಯಾರು ಕೊಡಬೇಕವಾ? ಆ ದೇಶ ನಿಂತದ್ದೇ ಬರೋ ಹೋಗೋ ಮಂದಿ ಮ್ಯಾಲೆ. ಉಪ್ಪು ಇದ್ದಂಗ ನಾವು. ಇರಲಿಲ್ಲ ಅಂದ್ರ ಸಪ್ಪಗ, ಹೆಚ್ಚಾತಂದ್ರ ಚೆಲ್ಲೋದ."

ಹಿಂದೊಮ್ಮೆ ಅವರ ಗುಂಪಿನಲ್ಲಿ ಯಾರೋ ಒಯ್ದ ಚಕ್ಕುಲಿ ಡಬ್ಬಿಯಲ್ಲಿ ಷಿಕಾಗೋದ ಇರುವೆಗಳು ಜೀವಂತವಾಗಿ ಸಿಕ್ಕು, ದ್ವೀಪದವರು ದೋಣಿಯಿಂದಲೇ ಎಲ್ಲರನ್ನೂ ವಾಪಸು ಕಳಿಸಿದ್ದರಂತೆ. ಆವತ್ತು ತಲೆ ತಗ್ಗಿಸಿ ನಿಂತದ್ದು ಆಂಟಿಗೆ ಮರೆತಿಲ್ಲ. ಈ ಶೂ ತೊಳೆಯುವ ಸಂಜೆ, ಸೂಟ್‌ಕೇಸು ಬಿಚ್ಚಿ ಕೊಡಹುವುದು, ಇದೆಲ್ಲ ಹೊರಗಿನ ಬೀಜ, ಹುಳ ದ್ವೀಪ ಸೇರದಿರಲೆಂದು ಆಮೇಲೆ ಬಂದ ಅವರ ಸ್ವಂತ ಕಾನೂನು. ದ್ವೀಪದವರೇ ಇಷ್ಟು ಕೇಳುವುದಿಲ್ಲ. ಒಬ್ಬರು ತಮ್ಮದಲ್ಲದ ನೆಲಕ್ಕಾಗಿ ಇಷ್ಟು ನಿಷ್ಠುರರಾಗುವುದನ್ನು ನಾನು ಮೊದಲ ಸಲ ನೋಡಿದ್ದು. ನನಗೆ ಅವರನ್ನು ಕಂಡರೆ ಭಯವೂ ಇತ್ತು, ಅದಕ್ಕಿಂತ ಹೆಚ್ಚು ಅಭಿಮಾನವೂ ಇತ್ತು.

ಆ ಸಲ ನಮ್ಮ ಗುಂಪಿನಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನೂ ಇದ್ದಳು. ಅವಳು ಹೊರಟದ್ದು ಹಕ್ಕಿ ನೋಡಲು ಅಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು.

ಕೆಲವು ವರ್ಷ ಹಿಂದಿನ ಮಾತು. ನಾವಾಗ ಕಾರು ಕಾರ್ಖಾನೆಗಳ ಊರಾದ ಡಿಯರ್‌ಬಾರ್ನಿನಲ್ಲಿದ್ದೆವು. ನನ್ನ ಗಂಡ ಅಲ್ಲಿ ಕಾರು ಇಂಜಿನಿಯರು. ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಬಾಣಂತನಕ್ಕೆ ಬಂದ ಅಮ್ಮನಿಗೆ ಎಣ್ಣೆ ಹಚ್ಚಲು ಮಗುವೇ ಇಲ್ಲ. ಆಗ ಅವಳು ಆ ಗಾಜಿಗೆ ಹಣೆಯಿಟ್ಟು ಹರಕೆ ಹೊತ್ತಳು: ಕೂಸು ಉಳಿದರೆ ಅದರ ಕೈಯಿಂದಲೇ ಶೃಂಗೇರಿಯ ಮೀನುಗಳಿಗೆ ಪುರಿ ಹಾಕಿಸುತ್ತೇನೆ ಎಂದು. ತುಂಗೆಯ ಮೆಟ್ಟಿಲ ಬಳಿ ಆ ದೇವರ ಮೀನುಗಳಿಗೆ ಪುರಿ ಎರಚುವುದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವ ಪುಣ್ಯ. ಕೂಸು ಉಳಿಯಿತು. ಎರಡು ಸಲ ಊರಿಗೆ ಹೋದೆವು, ಎರಡು ಸಲವೂ ಶೃಂಗೇರಿಗೆ ಹೊರಡುವ ಹೊತ್ತಿಗೆ ಮಗುವಿಗೆ ಜ್ವರ ಕಾಯಿತು. ಆಮೇಲೆ ಮಗಳು ಒಂದು ಸಲ ಕೆಮ್ಮಿದರೂ ಅಮ್ಮನ ಮುಖ ಕಪ್ಪಿಡುತ್ತಿತ್ತು. ಫೋನಿನಲ್ಲಿ ಕೆಮ್ಮು ಕೇಳಿಸಿದರೂ ಸಾಕು, "ಕೊಟ್ಟ ಮಾತು ಹಂಗೇ ಉಳಿದಿದೆ ಕಣೇ" ಎನ್ನುವಳು. ನಾನು ರೇಗುತ್ತಿದ್ದೆ. ಆದರೆ ಆ ಭಯ ಸುಳ್ಳಲ್ಲ. ಆ ಗಾಜಿನ ಪೆಟ್ಟಿಗೆಯನ್ನು ನಾನೂ ನೋಡಿದ್ದೆ.

ಬೇಸ್‌ಮೆಂಟಿನಲ್ಲಿ ಅಮ್ಮನ ಸೂಟ್‌ಕೇಸು ಬಿಚ್ಚಿದಾಗ ಸೀರೆಗಳ ಕೆಳಗಿನಿಂದ ಡೆವಾನ್ ಅವೆನ್ಯೂವಿನ ಇಂಡಿಯನ್ ಅಂಗಡಿಯ ದೊಡ್ಡ ಪುರಿ ಪೊಟ್ಟಣ ಹೊರಬಂತು.

"ಇದೇನ್ರಿ ಅಕ್ಕಾರ, ಚುರಮುರಿ? ಇದನ್ನ ಒಯ್ಯಂಗಿಲ್ಲ" ಎಂದರು ಆಂಟಿ.

"ತಿನ್ನೋಕಲ್ಲಮ್ಮ. ಮೀನಿಗೆ. ಮೊಮ್ಮಗಳ ಹರಕೆ." ಅಮ್ಮ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡಳು. "ನದಿ ಎಲ್ಲಾ ಕೊನೆಗೆ ಸೇರೋದು ಸಮುದ್ರಕ್ಕೇ ತಾನೆ? ಅಲ್ಲೂ ಮೀನೇ ಇರೋದು."

"ಅಲ್ಲಿ ಮೀನಿಗೆ ತಿನಸು ಹಾಕಬಾರದ್ರಿ."

"ಹಂಗಾದ್ರೆ ನಾನೂ ಬರಲ್ಲ. ಮಗೂನೂ ಕಳಿಸಲ್ಲ."

ಟೂತ್‌ಬ್ರಷ್ಷುಗಳೆಲ್ಲ ನಿಂತವು. ನಾನು "ಅಮ್ಮಾ" ಎಂದು ಬಾಯಿ ತೆರೆಯುವಷ್ಟರಲ್ಲಿ ಆಂಟಿ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿದರು. ಮಂಡಿ ನೋವಿದ್ದರೂ ನೆಲಕ್ಕೆ ಕೈಯೂರಿ ಅಮ್ಮನ ಎದುರು ಕೂತರು.

"ಅಲ್ಲಿ ಒಂದು ಹೋಟೆಲ್ ಐತ್ರಿ. ದಿನಾ ಬಂದವರೆಲ್ಲಾ ಮೀನಿಗೆ ಬ್ರೆಡ್ ಹಾಕ್ತಾರ. ಮೊದಲನೇ ಸಲ ನಾನೂ ಹಾಕೀನಿ. ಕೋಳಿ ಓಡಿಬಂದಂಗ ಬರ್ತಾವ, ನೋಡಾಕ ಚೆಂದ. ಆದ್ರ ಆ ಮೀನಿನ ಕೆಲಸ ಏನ್ ಗೊತ್ತೇನ್ರಿ? ಹವಳದ ಮ್ಯಾಲಿನ ಪಾಚಿ ತಿಂದು ಸ್ವಚ್ಛ ಇಡೋದು. ಬ್ರೆಡ್ ರುಚಿ ಹತ್ತಿದ ಮ್ಯಾಲೆ ಪಾಚಿ ಯಾಕ ತಿಂತಾವ? ಹೋಟೆಲ್ ಮುಂದಿನ ಹವಳ ಎಲ್ಲಾ ಹಸರ ಲೋಳಿ ಹಿಡದು ಸತ್ತಾವ. ಹವಳ ಸತ್ರ ಮೀನಿನ ಮನಿ ಹೋತು."

ಅಮ್ಮ ಪೊಟ್ಟಣದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ನಾ ನಿಮ್ಮ ಹರಕಿಗೆ ಅಡ್ಡ ಬರಂಗಿಲ್ಲ ಅಕ್ಕಾರ. ನಮ್ಮವ್ವನೂ ನನ್ ಸಲುವಾಗಿ ದರ್ಗಾಕ್ಕ ಹರಕಿ ಹೊತ್ತಾಕಿ. ಒಂದ ಮಾತು ಕೇಳ್ತೀನಿ. ನೀವು ಬೇಡಿಕೊಂಡದ್ದು ಮೀನಿನ ಹೊಟ್ಟಿ ಒಂದಿನ ತುಂಬ್ಲಿ ಅಂತೇನ್ರಿ, ಮೀನು ಬದುಕಿರ್ಲಿ ಅಂತೇನ್ರಿ?"

ಅಮ್ಮ ಪೊಟ್ಟಣವನ್ನು ಮಡಿಲಿನಿಂದ ಕೆಳಗಿಟ್ಟಳು. ಆಮೇಲೆ ಅದನ್ನು ಆಂಟಿಯ ಕಡೆ ಸರಿಸಿ, "ಇಲ್ಲಿ ಹಸಿದವರು ಇದ್ದಾರಲ್ಲ, ಅವರಿಗಾದ್ರೂ ಹಾಕಿ" ಎಂದಳು. ಆಂಟಿ ಅದರಲ್ಲಿ ಈರುಳ್ಳಿ, ಹುಣಿಸೆ ಗೊಜ್ಜು, ಹುರಿಗಡಲೆ ಪುಡಿ ಕಲಸಿ ಹುಬ್ಬಳ್ಳಿ ಗಿರ್ಮಿಟ್ಟು ಮಾಡಿದರು. ಮೀನಿನ ಪಾಲನ್ನು ನಾವೆಲ್ಲ ನಾಚಿಕೆಯಿಲ್ಲದೆ ಬಾರಿಸಿದೆವು, ಮೆಣಸಿನಕಾಯಿ ಬೇಕೆಂದು ಕೇಳಿ ಹಾಕಿಸಿಕೊಂಡೆವು. ಅಮ್ಮ ಮಾತ್ರ ಮುಟ್ಟಲಿಲ್ಲ. ಬರುತ್ತೇನೆ ಎಂದು ಒಪ್ಪಿಕೊಂಡಿದ್ದಳು, ಅಷ್ಟೇ. ಹರಕೆ ತೀರಿತು ಎಂದು ಅವಳು ಹೇಳಿರಲಿಲ್ಲ. ಮನೆಗೆ ಡ್ರೈವ್ ಮಾಡುವಾಗ ಕನ್ನಡಿಯಲ್ಲಿ ನೋಡಿದರೆ, ನಿದ್ದೆ ಹೋದ ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಹಕ್ಕಿ ದ್ವೀಪದ ದೋಣಿಯವನು ನಮ್ಮ ಚೀಲಗಳನ್ನು ತಡಕಿ, ಶೂಗಳ ಅಡಿ ತಿರುಗಿಸಿ ನೋಡಿ, ಆಂಟಿಗೆ ಸಲಾಂ ಹೊಡೆದ. ನಮ್ಮ ಆಂಟಿ ಹೆಮ್ಮೆಯಿಂದ ಒಂದು ಗೇಣು ಎತ್ತರವಾದರು. ದಡದಲ್ಲಿ ಹಾಲಿನಂಥ ಬಿಳಿ ಹಕ್ಕಿಗಳು. ಅವಕ್ಕೆ ಗೂಡು ಕಟ್ಟುವ ಗೋಜೇ ಇಲ್ಲ. ಬರಿಯ ಕೊಂಬೆಯ ಮೇಲೆ, ಇದ್ದ ಸಣ್ಣ ತಗ್ಗಿನಲ್ಲಿ ಒಂದೇ ಒಂದು ಮೊಟ್ಟೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಯಾರೂ ಕೈ ಚಾಚಲಿಲ್ಲ. ಫೋಟೋ ಹುಚ್ಚಿನ ಡಾಕ್ಟರು ಕೂಡ ಕ್ಯಾಮೆರಾ ಇಳಿಸಿ ಉಸಿರು ಬಿಗಿಹಿಡಿದು ನಿಂತರು. ನಮ್ಮ ಜನ ಹೀಗೂ ಇರಬಲ್ಲರು ಎಂದು ನನಗೆ ಕಣ್ಣು ತುಂಬಿತು.

ಮಧ್ಯಾಹ್ನ ಅಮ್ಮ ಸೀರೆ ಎತ್ತಿಕಟ್ಟಿ, ಮಗಳ ಕೈ ಹಿಡಿದು ಮೊಣಕಾಲುದ್ದದ ನೀರಿಗಿಳಿದಳು. ನಾನು ಒಂದು ಮಾರು ಹಿಂದೆ ನಿಂತಿದ್ದೆ. ನೀರು ಎಷ್ಟು ತಿಳಿಯೆಂದರೆ ಮಗಳ ಕಾಲ್ಬೆರಳ ಉಗುರು ಕಾಣುತ್ತಿತ್ತು. ಸ್ವಲ್ಪ ದೂರದ ಬಂಡೆಯ ಮೇಲೆ ನೀಲಿ, ಹಳದಿ ಮೀನುಗಳು ಗುಂಪುಗೂಡಿ ಪಾಚಿ ಕೆರೆಯುತ್ತಿದ್ದವು. ಒಂದಾದರೂ ನಮ್ಮ ಕಡೆ ತಿರುಗಲಿಲ್ಲ. ಅಮ್ಮನ ಬಲಗೈ ತಾನಾಗಿ ಮುಂದೆ ಬಂದು, ಏನೂ ಇಲ್ಲದ್ದರಿಂದ ಗಾಳಿಯಲ್ಲೇ ನಿಂತಿತು.

"ಅಜ್ಜಿ, ಆರ್ ದೇ ಹಂಗ್ರಿ?" ಎಂದಳು ಮಗಳು.

ಅಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತಂದು ಮೊಮ್ಮಗಳ ನೆತ್ತಿಯ ಮೇಲಿಟ್ಟಳು.

"ಇಲ್ಲ ಪುಟ್ಟಿ, ಊಟಕ್ಕೆ ಕೂತಿದಾವೆ. ಊಟಕ್ಕೆ ಕೂತವರನ್ನ ಎಬ್ಬಿಸಬಾರದು."