ಕಡೆಯ ಸಾಲಿಲ್ಲದ ಹಾಡು

ನನ್ನ ತಲೆಯಲ್ಲಿ ಒಂದು ಹಾಡು ಹೊಕ್ಕು ಕೂತು ಏಳು ವರ್ಷವಾಯಿತು. ಹಲ್ಲುಜ್ಜುವಾಗ ಇರುತ್ತದೆ, ಸಂಧ್ಯಾವಂದನೆಗೆ ಮೂಗು ಹಿಡಿದಾಗ ಇರುತ್ತದೆ, ಹಳಿಯಾಳದ ಬಸ್ಸಿನಲ್ಲಿ ಜೋತಾಡುವಾಗಲೂ ಇರುತ್ತದೆ. ಮೂರು ಸಲ ಮೇಲೇರಿ, ನಾಲ್ಕನೆಯದಕ್ಕೆ ಉಸಿರು ಹಿಡಿದು ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರ ಕಡೆಯ ಸಾಲು ನನಗೆ ಗೊತ್ತಿಲ್ಲ.

ದೊಡ್ಡ ಗವಾಯಿ ಹಾಡಿದ ಚೀಜಾದರೂ ಆಗಿದ್ದರೆ ಹೆಮ್ಮೆಪಡುತ್ತಿದ್ದೆ. ನಾನು ಧಾರವಾಡದವನು, ಗಾಯನದ ಬೈಠಕ್ಕುಗಳಲ್ಲಿ ಮುಂದೆ ಕೂತು, ತಿಳಿಯಲಿ ಬಿಡಲಿ, ತಲೆದೂಗಿದವನು. ಅಲ್ಲಿ ಕೇಳಿದ್ದೆಲ್ಲ ಮನೆಯ ಹೊಸ್ತಿಲು ದಾಟುವುದರೊಳಗೆ ಮರೆತುಹೋಗುತ್ತಿತ್ತು. ನಮ್ಮ ಶಾಸ್ತ್ರಕಾರರು ರಾಗಕ್ಕೆ ಹೊತ್ತು ಗೊತ್ತುಮಾಡಿದರು, ರಸ ಗೊತ್ತುಮಾಡಿದರು. ತಲೆಹೊಕ್ಕ ಹಾಡನ್ನು ಹೊರಹಾಕುವುದು ಹೇಗೆಂದು ಬರೆದವರನ್ನು ನಾನು ಕಾಣೆ. ಬಹುಶಃ ಅವರಲ್ಲಿ ಯಾರೂ ಬಿದಿರಿನ ಡಿಪೋದಲ್ಲಿ ಗುಮಾಸ್ತರಾಗಿರಲಿಲ್ಲ.

ನಾನಾಗಿದ್ದೆ. ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದ ಹೊಸದು. ಜೋಯಿಡಾ ಕಾಡಿನ ಬಿದಿರು ಒಬ್ಬ ಗುತ್ತೇದಾರನ ಡಿಪೋಕ್ಕೆ ಬಂದು ಅಲ್ಲಿಂದ ಲಾರಿ ಏರುತ್ತಿತ್ತು. ಏರಿಸುವವರು ಹಳಿಯಾಳ ಕಡೆಯ ಸಿದ್ದಿ ಆಳುಗಳು, ಅವರ ಮುಂದಾಳು ಬಸ್ತ್ಯಾಂವ. ಆರು ಜನ ಒಂದು ಹೊರೆಗೆ ಹೆಗಲು ಕೊಟ್ಟರೆ ಬಸ್ತ್ಯಾಂವ ಹಾಡು ಎತ್ತುವನು, ಅರ್ಧ ಕೊಂಕಣಿ, ಅರ್ಧ ಅವನದೇ ಭಾಷೆ. ಕಡೆಯ ಸಾಲಿಗೆ ಸರಿಯಾಗಿ ಹೊರೆ ಧಡಾರನೆ ಲಾರಿಯೊಳಗೆ ಬೀಳುತ್ತಿತ್ತು. ಆ ಸದ್ದಿನಲ್ಲಿ ಸಾಲು ಮುಚ್ಚಿಹೋಗುತ್ತಿತ್ತು.

ಹದಿನೈದು ದಿನದಲ್ಲಿ ಹಾಡು ನನಗೆ ಅಂಟಿತು. ಒಮ್ಮೆ ಅದರ ಗುಂಗಿನಲ್ಲಿ ಲಾರಿಯ ಚೀಟಿಯಲ್ಲಿ ಡ್ರೈವರನ ಹೆಸರಿನ ಜಾಗದಲ್ಲಿ ಬಸ್ತ್ಯಾಂವನ ಹೆಸರು ಬರೆದುಬಿಟ್ಟೆ. ಡ್ರೈವರ್ ಅದನ್ನು ಎಲ್ಲರೆದುರು ಓದಿ ನಕ್ಕ. ಧಾರವಾಡದ ಕಿವಿಗೆ ಕೂಲಿಯವರ ಹಾಡು ಹತ್ತಿದ್ದೇ ನನಗೆ ಅವಮಾನವಾಗಿತ್ತು. ಮೇಲೆ ಈ ನಗೆಪಾಟಲು. ಮರುದಿನವೇ ಹಾಡು ಬಂದ್ ಮಾಡಿಸಿದೆ.

"ಹಾಡ ಇಲ್ದ ಹೆಂಗ ಎತ್ತೂದ್ರೀ ರಾಯರ?" ಎಂದ ಬಸ್ತ್ಯಾಂವ.

"ಕೈಲೆ ಎತ್ತೋ. ಬಾಯಿಲೆ ಯಾರರ ಎತ್ತತಾರೇನು?" ಎಂದೆ.

ನನ್ನ ಮಾತಿಗೆ ನಾನೇ ಮೆಚ್ಚಿದೆ. ಸಂಜೆ ಹೆಂಡತಿಗೂ ಹೇಳಿದೆ. ಅವಳು ನಗಲಿಲ್ಲ, ಅವಳಿಗೆ ಹಾಸ್ಯ ತಿಳಿಯದೆಂದುಕೊಂಡೆ.

ಆ ಹಾಡು ಅವರಿಗೆ ಬೇಸರ ಕಳೆಯಲಿಕ್ಕೆ ಇದ್ದದ್ದಲ್ಲ. ಆರು ಹೆಗಲುಗಳು ಒಂದೇ ಗಳಿಗೆಗೆ ಹೊರೆ ಬಿಡಬೇಕಲ್ಲ, ಅದಕ್ಕೆ ಕಡೆಯ ಸಾಲೊಂದೇ ಗುರುತು. ಇಷ್ಟು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಮೂರನೆಯ ದಿನವೂ ಬಾಯಿಮುಚ್ಚಿಯೇ ಎತ್ತಿದರು. ಹಿಂದಿನವರು ಮೊದಲು ಬಿಟ್ಟರು. ಮುಂದೆ ಇದ್ದವನು ಬಸ್ತ್ಯಾಂವ. ಹೊರೆ ಜಾರಿ ಅವನ ಬಲಪಾದದ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಬೆರಳುಗಳನ್ನು ತೆಗೆದರು.

ಗುತ್ತೇದಾರ ಬಂದು ಹೆಂಗಾತು ಎಂದು ಕೇಳಿದಾಗ, "ಕಾಲು ಜಾರಿ ಬಿದ್ದಾನ್ರಿ" ಎಂದೆ. ಬಸ್ತ್ಯಾಂವನೂ ಬೇರೆ ಹೇಳಲಿಲ್ಲ. ಅವನು ಹೇಳಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮುಂದಿನ ವಾರ ಆಳುಗಳು ತಾವಾಗಿಯೇ ಹಾಡತೊಡಗಿದರು, ನಾನು ತಲೆಯೆತ್ತಲಿಲ್ಲ. ಆದರೆ ಮುಂದಾಳು ಬದಲಾದರೆ ಹಾಡೂ ಬದಲಾಗುವುದು ಅವರ ಪದ್ಧತಿ. ಗಾಯ ಮಾಯ್ದ ಮೇಲೆ ಬಸ್ತ್ಯಾಂವ ಡಿಪೋದ ಗೇಟಿನ ಕಾವಲಿಗೆ ಕೂತ. ಅವನ ಹಾಡನ್ನು ಮತ್ತೆ ಯಾರೂ ಎತ್ತಲಿಲ್ಲ. ನಿಲ್ಲಿಸಿದವನ ತಲೆಯಲ್ಲಿ ಮಾತ್ರ ಅದು ಉಳಿಯಿತು.

ಹೋದ ತಿಂಗಳು ಗೇಟು ದಾಟುವಾಗ ನನಗರಿವಿಲ್ಲದೆ ಗುನುಗುತ್ತಿದ್ದೆ. ಕುಂಟುತ್ತ ಗೇಟು ತೆಗೆಯಲು ಬಂದ ಬಸ್ತ್ಯಾಂವ ನಿಂತು ಕಿವಿಗೊಟ್ಟ. ನನ್ನ ಕಿವಿ ಬಿಸಿಯಾಯಿತು. ಏಳು ವರ್ಷದಲ್ಲಿ ಒಮ್ಮೆಯೂ ತಪ್ಪಾಯಿತೆನ್ನದ ಈ ಬಾಯಿ ಆಗಲೂ ಅದನ್ನು ಬಿಟ್ಟು ಬೇರೆಯದನ್ನೇ ಕೇಳಿತು:

"ಬಸ್ತ್ಯಾಂವ, ಇದರ ಕಡೀ ಸಾಲು ಏನೋ?"

ಅವನು ಗೇಟಿನ ಅಗಳಿ ಸರಿಸಿದ.

"ಅದು ಹೊರೆ ಇಳಸೂ ಸಾಲ್ರೀ ರಾಯರ," ಎಂದ. "ನೀವಿನ್ನೂ ಒಂದಿಷ್ಟು ದಿನ ಹೊರ್ರಿ."

ಹೊರುತ್ತಿದ್ದೇನೆ.