ಪವಿತ್ರಳ ಬಾಬಿನ್ ಕೇಸ್

ಲಾಕ್‌ಡೌನ್ ಮುಗಿದು ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳು ಮತ್ತೆ ಪೂರ್ತಿ ಓಡತೊಡಗಿದ ವರ್ಷ, ನಾನು ಅಲ್ಲಿನ ಒಂದು ಮಹಿಳಾ ಸಹಾಯ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಸೇರಿದ ಮೊದಲ ಕೆಲಸ. ಸೇರಿ ಹದಿನಾಲ್ಕು ತಿಂಗಳಾಗಿತ್ತು. ಪೊಲೀಸ್ ಠಾಣೆಯ ಹಿಂಬದಿಯ ಎರಡು ಕೋಣೆಗಳೇ ನಮ್ಮ ಕೇಂದ್ರ. ಜಗಳವಾಡಿ ಬಂದ ದಂಪತಿಗಳ ಜೊತೆ, ಮನೆ ಬಿಟ್ಟು ಬಂದ ಹುಡುಗಿಯರ ಜೊತೆ ಕೂತು ಮಾತಾಡುವುದು, ಕನ್ನಡದಲ್ಲಿ ಕೇಳಿದ್ದನ್ನು ತೆಲುಗಿನಲ್ಲಿ ವರದಿ ಬರೆಯುವುದು ನನ್ನ ಕೆಲಸ.

ಈ ಪ್ರಕರಣ ಹೇಳುವ ಮೊದಲು ಒಂದು ಟಿವಿ ಸರಣಿಯ ಬಗ್ಗೆ ಹೇಳಬೇಕು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಕ್ರಿಮಿನಲ್ ಪ್ರೊಫೈಲರ್‌ಗಳ ಇಂಗ್ಲಿಷ್ ಸರಣಿಯೊಂದನ್ನು ನೋಡುತ್ತಿದ್ದೆವು. ಪ್ರೊಫೈಲಿಂಗ್ ಎಂದರೆ ಅಪರಾಧ ನಡೆದ ರೀತಿಯನ್ನು ನೋಡಿ, ಅದನ್ನು ಮಾಡಿದವನ ವಯಸ್ಸು, ಸ್ವಭಾವ, ಬದುಕು ಹೇಗಿರಬಹುದೆಂದು ಊಹಿಸುವ ವಿಧಾನ. ಆ ಸರಣಿಯ ಒಂದು ಎಪಿಸೋಡನ್ನು ನಾನು ನಾಲ್ಕು ಸಲ ನೋಡಿದ್ದೆ. ಸಣ್ಣ ಊರೊಂದರಲ್ಲಿ ಹುಡುಗಿ ಕಾಣೆಯಾಗುತ್ತಾಳೆ. ಪೆಟ್ರೋಲ್ ಬಂಕಿನ ಒಬ್ಬ ಕೆಲಸಗಾರ ಎಲ್ಲರಿಗಿಂತ ಹೆಚ್ಚು ಹುಡುಕುತ್ತಾನೆ, ಪೋಸ್ಟರ್ ಅಂಟಿಸುತ್ತಾನೆ, ಪೊಲೀಸರಿಗೆ ಕಾಫಿ ತಂದುಕೊಡುತ್ತಾನೆ. ಕೊನೆಯ ಹತ್ತು ನಿಮಿಷದಲ್ಲಿ ಅವನೇ ಅಪರಾಧಿ ಎಂದು ತಿಳಿಯುತ್ತದೆ. ತನಿಖೆಯೊಳಗೆ ನಡೆಯುವುದನ್ನು ತಿಳಿಯಲು ಅಪರಾಧಿ ತಾನಾಗಿ ಸಹಾಯಕ್ಕೆ ಬರುತ್ತಾನೆ ಎಂದು ಪ್ರೊಫೈಲರ್ ವಿವರಿಸುತ್ತಾಳೆ. ಅವಳ ಶಾಂತವಾದ ದನಿ ನನಗೆ ಬಹಳ ಇಷ್ಟ. ನಾನೂ ಹಾಗೆಯೇ ಕೆಲಸ ಮಾಡಬೇಕೆಂದು ಆಸೆಪಟ್ಟಿದ್ದೆ.

ಆ ಮಂಗಳವಾರ ಮಡಕಶಿರಾ ಹತ್ತಿರದ ಅಗಳಿ ಕಡೆಯಿಂದ ಹನುಮಂತರಾಯಪ್ಪ ಎಂಬವರು ಇಬ್ಬರು ನೆಂಟರೊಡನೆ ಠಾಣೆಗೆ ಬಂದರು. ಅವರ ಅಕ್ಕನ ಮಗಳು ಪವಿತ್ರ, ಹತ್ತೊಂಬತ್ತು ವರ್ಷ, ರಾಯದುರ್ಗದ ಘಟಕವೊಂದರಲ್ಲಿ ಟೈಲರ್. ಬೆಂಗಳೂರಿಗೆ ಕಳಿಸಲು ಮನಸ್ಸಿಲ್ಲದೆ, ಗುರುತಿನವರಿದ್ದಾರೆಂದು ಮನೆಯವರು ಇಲ್ಲಿಗೆ ಕಳಿಸಿದ್ದರು. ಶನಿವಾರ ಕೆಲಸ ಮುಗಿಸಿ ಊರಿಗೆ ಹೊರಟವಳು ಊರು ತಲುಪಿರಲಿಲ್ಲ. ಫೋನ್ ಸ್ವಿಚ್ ಆಫ್.

"ನಮ್ಮುಡ್ಗಿನ ಯಾರೋ ಎತ್ತಾಕ್ಕೊಂಡೋಗವ್ರೆ ಮೇಡಂ. ಮುಂದಿನ್ ತಿಂಗ್ಳು ನಾನೇ ತಾಳಿ ಕಟ್ಬೇಕಾಗಿತ್ತು," ಎಂದರು ಹನುಮಂತರಾಯಪ್ಪ. ಸೋದರಮಾವನೇ ಗಂಡು. ನಮ್ಮ ಕಡೆ ಅದರಲ್ಲಿ ವಿಶೇಷವೇನೂ ಇಲ್ಲವಾದ್ದರಿಂದ ನಾನೂ ಅದನ್ನು ಗಮನಿಸದೆ ಬರೆದುಕೊಂಡೆ.

ಮಿಸ್ಸಿಂಗ್ ಕೇಸ್ ದಾಖಲಾಯಿತು. ಬುಧವಾರದ ಹೊತ್ತಿಗೆ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಕಲ್ಯಾಣದುರ್ಗ ರಸ್ತೆಯ ಗೋಡೆಗಳ ಮೇಲೆಲ್ಲ ಪವಿತ್ರಳ ಫೋಟೋ ಇದ್ದ ಹಾಳೆಗಳು ಕಾಣಿಸಿಕೊಂಡವು. ಅಂಟಿಸಿದವನು ತಿಪ್ಪೇಸ್ವಾಮಿ. ಘಟಕದ ಎದುರಿಗೆ ಇಸ್ತ್ರಿ ಅಂಗಡಿ ಇಟ್ಟಿದ್ದವನು. ಮೂವತ್ತನಾಲ್ಕು ವರ್ಷ, ಮದುವೆಯಾಗಿಲ್ಲ, ಒಬ್ಬನೇ ಇರುತ್ತಾನೆ. ಎರಡು ದಿನ ಅಂಗಡಿ ಮುಚ್ಚಿ ಬಳ್ಳಾರಿವರೆಗೂ ಹೋಗಿ ವಿಚಾರಿಸಿ ಬಂದಿದ್ದ. ದಿನಕ್ಕೆರಡು ಸಲ ಠಾಣೆಗೆ ಬಂದು, "ಏನಾರ ತಿಳೀತೇನ್ರಿ?" ಎಂದು ಕೇಳುತ್ತಿದ್ದ. ಒಮ್ಮೆ ಎಲ್ಲರಿಗೂ ಚಹಾ ತಂದ.

ಚಹಾ ಲೋಟ ಕೈಗೆ ಬಂದಾಗ ನನಗೆ ಆ ಎಪಿಸೋಡ್ ನೆನಪಾಯಿತು.

ಗುರುವಾರ ಎಸ್‌ಐ ನನ್ನನ್ನು ಕರೆದು, ಸೈಕಾಲಜಿ ಓದಿದವರು ನೀವು, ನಿಮಗೇನನ್ನಿಸುತ್ತದೋ ಬರೆದುಕೊಡಿ ಎಂದರು. ನಾನು ಒಂದು ಪುಟ ಬರೆದೆ. ಗಂಡಸು, ಮೂವತ್ತರಿಂದ ನಲವತ್ತು ವರ್ಷ, ಒಬ್ಬಂಟಿ, ಅವಳು ಬಂದುಹೋಗುವ ಸಮಯ ಗೊತ್ತಿದ್ದವನು, ಹುಡುಕಾಟದಲ್ಲಿ ತಾನಾಗಿ ಮುಂದೆ ಬಂದವನು. ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತಿಪ್ಪೇಸ್ವಾಮಿಯನ್ನು ಕರೆಸಿದರು. ಯಾರೂ ಅವನ ಮೇಲೆ ಕೈಮಾಡಲಿಲ್ಲ, ಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಕೇಳಿದರು ಅಷ್ಟೆ. ಆದರೆ ಹತ್ತು ಗಂಟೆಗೆಲ್ಲ ಓಣಿಯಲ್ಲಿ ಸುದ್ದಿ ಹರಡಿತು. ಹನುಮಂತರಾಯಪ್ಪ ಮತ್ತು ನೆಂಟರು ಗೇಟಿನ ಹೊರಗೆ ಬಂದು ನಿಂತರು. "ಈಚೆಗ್ ಬರ್ಲಿ ಅವ್ನು, ನೋಡ್ಕಂತೀವಿ," ಎಂದು ಕೇಳುವಂತೆಯೇ ಹೇಳಿದರು. ಹುಡುಗಿಯ ಸುಳಿವು ಸಿಗದೆ ಅವನು ಹೊರಗೆ ಹೋದರೆ ಏನಾಗುತ್ತದೆಂದು ಒಳಗಿದ್ದ ನಮಗೆಲ್ಲ ಗೊತ್ತಿತ್ತು. ಹೊಡೆತ ತಪ್ಪಿದರೂ, ಹೆಣ್ಣುಮಕ್ಕಳು ಓಡಾಡುವ ಆ ಬೀದಿಯಲ್ಲಿ ಮತ್ತೆ ಅಂಗಡಿ ತೆರೆಯುವುದು ಅವನಿಗೆ ಸಾಧ್ಯವಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಹೊನ್ನೂರಮ್ಮ ಆ ವಾರ ರಜೆಯಲ್ಲಿದ್ದು ಅಂದೇ ಕೆಲಸಕ್ಕೆ ಮರಳಿದ್ದರು. ಐವತ್ತು ದಾಟಿದ ಹೆಂಗಸು. ಪೊಲೀಸ್ ಕೆಲಸ ಸಿಗುವ ಮೊದಲು ಆರು ವರ್ಷ ಪ್ಯಾಂಟ್ ಹೊಲಿದವರು. ನನ್ನ ಪುಟವನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಚಲೋ ಬರದೀರಿ ಮೇಡಂ. ಇದರಾಗ ಹುಡುಗಿ ಎಲ್ಲದಾಳ?"

"ಅದು ಗೊತ್ತಿಲ್ಲವಲ್ಲ."

"ಎಲ್ಲಿಗೆ ಹೋಗ್ಯಾಳ ಅಂತಲ್ಲರಿ. ಈ ಪುಟದಾಗ ಎಲ್ಲದಾಳ ಅಂತ ಕೇಳಿದೆ. ಬರೇ ಆವಯ್ಯನ ಬಗ್ಗೆನ ಐತಲ್ಲ. ಬರ್ರಿ, ಆಕಿ ಕುಂದ್ರೋ ಜಾಗ ನೋಡಣ."

ಘಟಕದಲ್ಲಿ ಇಪ್ಪತ್ತೆರಡು ಮಷಿನ್‌ಗಳು. ಪವಿತ್ರಳದ್ದು ಕಿಟಕಿ ಪಕ್ಕದ್ದು. ಅವಳು ಬರಬಹುದೆಂದು ಮಾಲೀಕರು ಬೇರೆಯವರನ್ನು ಕೂರಿಸಿರಲಿಲ್ಲ. ನಾನು ಅಲ್ಲಿ ಫೋಟೋ, ಚೀಟಿ, ಕಾಗದ ಏನಾದರೂ ಇದೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಹೊನ್ನೂರಮ್ಮ ಸ್ಟೂಲಿನ ಮೇಲೆ ಕೂತು ಮಷಿನನ್ನೇ ನೋಡಿದರು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್‌ನ ಕೆಳಗೆ ನಾಲ್ಕು ಮಡಿಕೆಯ ಒಂದು ಬಟ್ಟೆ ಚೂರಿತ್ತು. ಬೆರಳಿನಿಂದ ಮುಟ್ಟಿ ಎಣ್ಣೆಯ ಪಸೆ ನೋಡಿದರು.

"ನಾಳಿ ಬರೋಳಾದ್ರ ಹಿಂಗ ಮಾಡಲ್ಲರಿ. ದೂಳು ಒರಸಿ, ಎಣ್ಣಿ ಹಾಕಿ, ಚಿಂದಿ ಇಟ್ಟು ಫುಟ್ ಇಳಿಸ್ಯಾಳ. ಹಬ್ಬಕ್ಕ ಬಂದ್ ಮಾಡೋ ಮುಂದ ನಾವು ಮಾಡ್ತಿದ್ವಿ. ಬಾಳ ದಿನ ಬರಲ್ಲ ಅಂತ ಮಷಿನಿಗೆ ಹೇಳಿ ಹೋಗ್ಯಾಳ."

ಆಮೇಲೆ ಮಷಿನಿನ ಕೆಳಗೆ ಕೈಹಾಕಿದರು. ಕೆಳಗಿನ ದಾರದ ಉಂಡೆಯನ್ನು ಹಿಡಿದಿಡುವ ಸಣ್ಣ ಲೋಹದ ಡಬ್ಬಿಗೆ ಬಾಬಿನ್ ಕೇಸ್ ಎನ್ನುತ್ತಾರೆ. ಅದು ಅಲ್ಲಿರಲಿಲ್ಲ. ಟೈಲರ್‌ಗಳು ಅದರ ಸ್ಕ್ರೂ ತಿರುಗಿಸಿ ದಾರದ ಬಿಗಿಯನ್ನು ತಮ್ಮ ಕೈಗೆ ಹೊಂದಿಸಿಕೊಂಡಿರುತ್ತಾರೆ. "ಕಾಲಾಗಿನ ಚಪ್ಲಿ ಬೇಕಾದ್ರ ಕೊಡ್ತಾರ, ಇದನ್ನ ಕೊಡಲ್ಲ," ಎಂದು ಹೊನ್ನೂರಮ್ಮ ನನಗೆ ವಿವರಿಸಿದರು. ಪ್ರತಿದಿನ ಪವಿತ್ರ ಅದನ್ನು ಡ್ರಾಯರಿನಲ್ಲಿಟ್ಟು ಹೋಗುತ್ತಿದ್ದಳೆಂದು ಮೇಸ್ತ್ರಿ ಹೇಳಿದರು. ಡ್ರಾಯರಿನಲ್ಲೂ ಇರಲಿಲ್ಲ.

"ಸಾಯಾಕ ಹೋಗೋಳು ಬಾಬಿನ್ ಕೇಸ್ ತಗಂಡು ಹೋಗ್ತಾಳೇನ್ರಿ ಮೇಡಂ? ಎತ್ತಿಗೆಂಡು ಹೋಗೋರು ತಗಂಡು ಹೋಗ್ತಾರಾ? ಈಕಿ ಹೊಲ್ಯಾಕ ಹೋಗ್ಯಾಳ."

ಅವರು ದನಿ ತಗ್ಗಿಸಿ ಕೇಳಿದರು: "ಹುಡುಕಾಕ ಯಾರ್ಯಾರು ಬಂದಿದ್ರು?"

ಘಟಕದ ಹೆಚ್ಚು ಕಡಿಮೆ ಎಲ್ಲ ಹೆಂಗಸರೂ ಭಾನುವಾರದ ಬಟ್ಟೆ ಒಗೆಯುವ ಕೆಲಸದಂತೆ ಸಹಜವಾಗಿ, ಗುಂಪುಗಟ್ಟಿ ಒಂದೊಂದು ಬೀದಿ ಹುಡುಕಿದ್ದರು. ನಾನು ಹೆಸರುಗಳನ್ನು ಹೇಳಿದೆ.

"ಬರದೇ ಇದ್ದೋರು?"

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬರದೇ ಇದ್ದವಳು ಒಬ್ಬಳೇ: ಪಕ್ಕದ ಮಷಿನಿನ ನಾಗವೇಣಿ. ಗುಡಿಬಂಡೆಯವಳು, ಪವಿತ್ರಳ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು. ನಾಲ್ಕು ದಿನವೂ ತಲೆ ಎತ್ತದೆ ಹೊಲಿಯುತ್ತಿದ್ದಳು. ಅವಳಿಗೆ ಆಘಾತವಾಗಿದೆ ಎಂದು ನಾನೇ ವರದಿಯಲ್ಲಿ ಬರೆದಿದ್ದೆ.

ಹೊನ್ನೂರಮ್ಮ ಸ್ಟೂಲನ್ನು ಅವಳ ಬಳಿಗೆ ಎಳೆದುಕೊಂಡರು. "ಏನವ್ವ, ಆಕಿ ಹೋದ ಕಡೆ ಮಷಿನ್ ಚಲೋ ಅದಾವೇನು?"

ನಾಗವೇಣಿಯ ಮಷಿನ್ ನಿಂತಿತು.

"ಹೇಳದಿದ್ರ ಹೇಳಬ್ಯಾಡ. ಆದ್ರ ತಿಪ್ಪೇಸ್ವಾಮಿನ ಕುಂದ್ರಿಸ್ಯಾರ. ಗೇಟಿನಾಗ ಮೂರು ಮಂದಿ ಕಾಯಾಕತ್ತ್ಯಾರ."

"ಅಯ್ಯೋ, ಆ ಅಣ್ಣುಂಗೆ ಏನೂ ಗೊತ್ತಿಲ್ಲ ಅಕ್ಕ!" ಎಂದಳು ನಾಗವೇಣಿ. ಆಮೇಲೆ ಎಲ್ಲ ಹೇಳಿಬಿಟ್ಟಳು. ಮಾವನನ್ನು ಮದುವೆಯಾಗಲಾರೆನೆಂದು ಪವಿತ್ರ ಮನೆಯಲ್ಲಿ ಎರಡು ಸಲ ಹೇಳಿದ್ದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಸೇರಿ ಹಾಸ್ಟೆಲಿನಲ್ಲಿದ್ದಾಳೆ. ಹೊಸ ಸಿಮ್ ನಂಬರ್ ನಾಗವೇಣಿಯ ಹತ್ತಿರವಿತ್ತು.

ಫೋನ್ ಎತ್ತಿದ ಪವಿತ್ರ ಮೊದಲು ಹೇಳಿದ್ದು, "ನಾನ್ ಚೆನ್ನಾಗಿದೀನಿ ಮೇಡಂ. ಎಲ್ಲಿದೀನಿ ಅಂತ ಮಾವುಂಗ್ ಮಾತ್ರ ಏಳ್ಬೇಡಿ." ತಿಪ್ಪೇಸ್ವಾಮಿಯ ವಿಷಯ ಕೇಳಿದ ಕೂಡಲೇ, ಒಂದು ಗಂಟೆಯೊಳಗೆ ಅಲ್ಲಿನ ಠಾಣೆಗೆ ಹೋಗಿ ತಾನು ಸ್ವಇಚ್ಛೆಯಿಂದ ಬಂದಿದ್ದೇನೆಂದು ಹೇಳಿಕೆ ಕೊಟ್ಟಳು.

ಸಂಜೆ ನಾಲ್ಕೂವರೆಗೆ ಹೊನ್ನೂರಮ್ಮ ಗೇಟಿಗೆ ಹೋದರು. ತಿಪ್ಪೇಸ್ವಾಮಿಯನ್ನು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಹುಡುಗಿ ಸಿಕ್ಕಾಳ. ಆರಾಮದಾಳ. ತಾನಾಗೇ ಹೋಗ್ಯಾಳ. ಇವನದೇನೂ ತಪ್ಪಿಲ್ಲ."

"ಎಲ್ಲವ್ಳೆ ಏಳಿ, ಕರ್ಕೊಂಬತ್ತೀವಿ," ಎಂದರು ಹನುಮಂತರಾಯಪ್ಪ.

"ಮೇಜರ್ ಅದಾಳ್ರಿ. ಹೇಳಾಕ ಬರಲ್ಲ."

"ನಾನು ತಾಳಿ ಕಟ್ಟೋನು ಕಣಮ್ಮ!"

"ಹಂಗಾದ್ರ ನಾಕು ದಿನದಾಗ ಒಂದು ಸಲನಾರ ಆಕಿ ಮಷಿನ್ ಹತ್ರ ಹೋಗಿ ನೋಡಿದ್ರೇನ್ರಿ?"

ಹನುಮಂತರಾಯಪ್ಪ ಮಡಕಶಿರಾ ಕಡೆ ಹೋಗಲು ಕಡೇ ಬಸ್ಸು ಎಷ್ಟೊತ್ತಿಗೆಂದು ನೆಂಟರನ್ನು ಕೇಳಿದರು.

ಶನಿವಾರ ನನಗೆ ರಜೆ. ಆ ಎಪಿಸೋಡನ್ನು ಐದನೇ ಸಲ ಹಾಕಿ ನೋಡಿದೆ. ಮೊದಲ ಇಪ್ಪತ್ತು ನಿಮಿಷ ಅಪರಾಧಿಯ ಮಾತೇ ಇಲ್ಲ. ನನ್ನ ಮೆಚ್ಚಿನ ಪ್ರೊಫೈಲರ್ ಕಾಣೆಯಾದ ಹುಡುಗಿಯ ಕೋಣೆಯಲ್ಲಿ ನೆಲದ ಮೇಲೆ ಕೂತು ಅವಳ ಚಪ್ಪಲಿ, ಬಾಚಣಿಗೆ, ಅರ್ಧ ಓದಿದ ಪುಸ್ತಕ ನೋಡುತ್ತಾಳೆ. ಅದಕ್ಕೆ ವಿಕ್ಟಿಮಾಲಜಿ ಎಂದು ಹೆಸರು: ತೊಂದರೆಗೆ ಒಳಗಾದವರನ್ನು ಮೊದಲು ಅರಿಯುವುದು. ಅದನ್ನು ನಾನು ಪರೀಕ್ಷೆಯಲ್ಲೂ ಬರೆದಿದ್ದೆ. ಆದರೂ ನಾಲ್ಕು ಸಲ ನೋಡಿ ನೆನಪಿಟ್ಟುಕೊಂಡದ್ದು ಕೊನೆಯ ಹತ್ತು ನಿಮಿಷ ಮಾತ್ರ. ಅವಳು ನೆಲದ ಮೇಲೆ ಕೂತ ಹಾಗೆಯೇ ಹೊನ್ನೂರಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಅವರು ಆ ಸರಣಿಯ ಹೆಸರನ್ನೂ ಕೇಳಿದವರಲ್ಲ.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ತಿಪ್ಪೇಸ್ವಾಮಿ ಸಿಕ್ಕ. ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, ಗೋಡೆಗೆ ಅಂಟಿಸಿದ್ದ ಹಾಳೆಗಳನ್ನು ನೆನೆಸಿ ನೆನೆಸಿ ಕೆರೆದು ತೆಗೆಯುತ್ತಿದ್ದ.

"ಸಿಕ್ಕಾಳ ಅಂದ ಮ್ಯಾಲ ಹೆಣ್ಮಗಳ ಫೋಟೋ ಗೋಡಿ ಮ್ಯಾಲ ಯಾಕ ಇರಬೇಕ್ರಿ?"

ಆ ಪುಟ ಬರೆದವಳು ನಾನೇ ಎಂದು ಹೇಳಿ ಕ್ಷಮೆ ಕೇಳಿದೆ. ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. ಅವಳು ನಿಮಗೆ ಏನೂ ಆಗಬೇಕಾದವಳಲ್ಲ, ಅಷ್ಟೊಂದು ಯಾಕೆ ಹುಡುಕಿದಿರಿ ಎಂದು ಕೇಳಿದೆ. ನಿಜವಾಗಿ ತಿಳಿಯಬೇಕಿತ್ತು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಕಳದಾಳ ಅಂದ್ರು. ಹುಡುಕಿದೆ," ಎಂದ.

ಅಂದು ರೈಲ್ವೆ ಸ್ಟೇಷನ್ನಿನವರೆಗೂ ಇಬ್ಬರೂ ಸೇರಿ ಹಾಳೆ ಕಿತ್ತೆವು. ನಂತರದ ದಿನಗಳಲ್ಲಿ ನಾನು ಮಿಸ್ಸಿಂಗ್ ಕೇಸ್‌ಗಳಿಗೆ ಬರೆಯುವ ಪುಟದ ಮೊದಲ ಪ್ರಶ್ನೆ ಬದಲಾಯಿತು: ಹೋಗುವಾಗ ಏನನ್ನು ತೆಗೆದುಕೊಂಡು ಹೋದರು, ಏನನ್ನು ಜೋಪಾನವಾಗಿ ಬಿಟ್ಟು ಹೋದರು? ಹುಡುಕಲು ಬಂದವರ ಹೆಸರುಗಳನ್ನು ಈಗಲೂ ಬರೆದುಕೊಳ್ಳುತ್ತೇನೆ. ಸುದ್ದಿ ಸಿಕ್ಕಿದ ಕೂಡಲೇ ಮೊದಲು ಅವರಿಗೆ ತಿಳಿಸಬೇಕಲ್ಲ, ಅದಕ್ಕೆ.